ಸಂಘದವರ ಜೊತೆ ಓಡಾಡ್ಕೊಂಡು ರಿಸರ್ಚ್ ಮಾಡೋರು ವಾಪಸ್ ಎಂತ ಕೊಡ್ತೀರ?

ಹಿನ್ನೀರು_ಹುಡುಗಿ

ಎಲ್ರಿಗೂ ನಮಸ್ತೆ. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಾ ಇದೀನಿ. ವಿಷಯ ಅರಣ್ಯ ಹಕ್ಕಿನ ಅರ್ಜಿಗಳು. ಸಾಗರ, ಹೊಸನಗರ ಕಡೆ ಕಾಡಂಚಲ್ಲಿ ಸಾಗುವಳಿ ಮಾಡ್ಕೊಂಡಿರೋರು, ಅದ್ರಲ್ಲೂ ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ ಮುಳುಗಡೆಯಾಗಿ ಎದ್ದು ಬಂದ ಮನೆಗಳು, 2006ರ ಅರಣ್ಯ ಹಕ್ಕು ಕಾಯ್ದೆ ಅಡಿ ಇವ್ರು ಹಾಕಿದ ಅರ್ಜಿ ಎಲ್ಲಿ ಹೋಗಿ ನಿಂತಿದೆ, ತಿರಸ್ಕಾರ ಆಗಿದ್ರೆ ಏನು ಕಾರಣ ಕೊಟ್ಟಿದಾರೆ ಅನ್ನೋದು ನೋಡ್ತಾ ಇದೀನಿ.

ಈ ಅರ್ಜಿ ಬರೆಸೋದು, ಆಫೀಸಿಗೆ ಅಲೆಯೋದು, ಧರಣಿ ಕೂರೋದು ಎಲ್ಲ ಮಾಡೋ ಒಂದು ಸಣ್ಣ ಸಂಘ ಇದೆ, ಹೆಸ್ರು ಬೇಡ. ಅವ್ರಿಲ್ದೆ ನನ್ನ ಫೀಲ್ಡ್‌ವರ್ಕ್ ಆಗ್ತಾನೇ ಇರ್ಲಿಲ್ಲ. ಬೈಕಲ್ಲಿ ಕೂರಿಸ್ಕೊಂಡು ಹೋಗಿ "ನಮ್ಮ ಹುಡ್ಗಿನೇ, ಬರ್ಕಳ್ತಾಳೆ, ಹೇಳಿ" ಅಂತ ಅವ್ರು ಹೇಳಿದ ಮೇಲೇ ಜನ ಬಾಯಿ ಬಿಡೋದು, ಇಲ್ದಿದ್ರೆ ಇವ್ಳು ಫಾರೆಸ್ಟಿನವಳೋ ಸರ್ವೆಯವಳೋ ಅಂದ್ಕೊಂಡು ಕಾಫಿ ಕೊಟ್ಟು ಸಾಗಹಾಕ್ತಾರೆ. ಹೋದ ತಿಂಗಳು ಅವ್ರ ಮೀಟಿಂಗಲ್ಲಿ ಒಬ್ರು ಹಿರಿಯರು, ಬೈದ ಹಾಗೇನಿಲ್ಲ, ಸಹಜವಾಗಿ ಕೇಳಿದ್ರು: "ಅಲ್ಲ ತಂಗಿ, ನಿಂಗೆ ಇದ್ರಿಂದ ಡಾಕ್ಟ್ರೇಟ್ ಆಗ್ತದೆ, ನಾಳೆ ಕೆಲ್ಸನೂ ಸಿಗ್ತದೆ. ನಮ್ಗೆ ಎಂತ ಬಂತು?" ಥೀಸಿಸ್ ಮುಗಿದ್ಮೇಲೆ ಒಂದು ಕಾಪಿ ತಂದು ಕೊಡ್ತೀನಿ ಅಂದೆ. ಎಲ್ರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಅವ್ರೇ ಮೂರು ವಿಷಯ ಹೇಳಿದಾರೆ, ಒಂದು ಕಚೇರಿ ಕೆಲ್ಸಕ್ಕೆ ಕೈ ಜೋಡಿಸು ಅಂತ, ಇನ್ನೊಂದು ರೆಕಾರ್ಡಿಂಗ್ ಎಲ್ಲ ಸಂಘದಲ್ಲೂ ಒಂದು ಕಾಪಿ ಇರ್ಲಿ ಅಂತ, ಮತ್ತೆ ನಮ್ಮ ಬಗ್ಗೆ ಬರೆದಿದ್ದನ್ನ ಸಬ್ಮಿಟ್ ಮಾಡೋ ಮುಂಚೆ ತೋರ್ಸು ಅಂತ. ನ್ಯಾಯವಾಗೇ ಇದೆ ಅನ್ಸುತ್ತೆ. ಆದ್ರೆ ನಮ್ಮ ಗೈಡ್ ಕೇಳಿ ಗರಂ ಆದ್ರು. ಅವರ ಅರ್ಜಿ ನೀನು ಬರೆದು ಅದೇ ಅರ್ಜಿ ಮೇಲೆ ನೀನೇ ಥೀಸಿಸ್ ಬರೆದ್ರೆ ವೈವಾದಲ್ಲಿ ಏನು ಉತ್ತರ ಕೊಡ್ತೀಯ, ಬಯಾಸ್ ಅಂತಾರೆ ಅಂದ್ರು. ಅದೂ ಸುಳ್ಳಲ್ಲ.

ಇಲ್ಲಿ ಸಂಘಟನೆಗಳಲ್ಲಿ ಇರೋರು, ಇಂಥ ರಿಸರ್ಚ್ ಮಾಡಿರೋರು ಇಬ್ರೂ ಇದೀರಿ. ಎಂತ ಕೊಟ್ರೆ ನಿಜವಾಗ್ಲೂ ಉಪಯೋಗ, ಎಲ್ಲಿ ಗೆರೆ ಎಳೀಬೇಕು? "ಪ್ರಾಮಾಣಿಕವಾಗಿ ಬರೆದ್ರೆ ಅದೇ ದೊಡ್ಡ ಕೊಡುಗೆ" ಅನ್ನೋ ಉತ್ತರ ಮಾತ್ರ ದಯವಿಟ್ಟು ಬೇಡ, ಅದು ಈಗಾಗ್ಲೇ ಸುಮಾರು ಜನ ಹೇಳಿದಾರೆ.

ಕಾಡಂಚಿನವ

ನಾನು ಇಂಥದ್ದೇ ಒಂದು ಸಂಘದಲ್ಲಿ ಇರೋನು (ನಿಮ್ಮದಲ್ಲ, ಬೇರೆ) ಹಾಗಾಗಿ ಸ್ವಲ್ಪ ಖಾರವಾಗೇ ಹೇಳ್ತೀನಿ, ಬೇಜಾರು ಮಾಡ್ಕಬೇಡಿ.

ಒಬ್ರು ರಿಸರ್ಚ್‌ನವರು ಬಂದ್ರೆ ನಮ್ಗೆ ಎಂತ ಖರ್ಚು ಅಂತ ಮೊದ್ಲು ಲೆಕ್ಕ ಹಾಕಿ. ನಮ್ಮವನೊಬ್ಬ ತೋಟದ ಕೆಲ್ಸ ಬಿಟ್ಟು ಇಡೀ ದಿನ ನಿಮ್ಮ ಜೊತೆ ತಿರುಗ್ಬೇಕು, ಪೆಟ್ರೋಲ್ ಅವ್ನದ್ದೇ, ಹೋದ ಮನೇಲಿ ಊಟ ಹಾಕದೆ ಕಳ್ಸೋ ಪದ್ಧತಿ ನಮ್ಮಲ್ಲಿಲ್ಲ ಹಾಗಾಗಿ ಆ ಮನೆ ಹೆಂಗಸ್ರ ಕೆಲ್ಸನೂ ಹೋಯ್ತು. ಅದು ಬಿಡಿ, ದೊಡ್ಡ ಖರ್ಚು ಬೇರೆ ಇದೆ. ನಾವು ಪರಿಚಯ ಮಾಡ್ಸಿದೀವಿ ಅಂದ್ರೆ ನಮ್ಮ ಮರ್ಯಾದೆನೇ ಜಾಮೀನು. ನಾಳೆ ನೀವು ಬರೆದಿದ್ರಿಂದ ಆ ಮನೆಗೆ ತೊಂದ್ರೆ ಆದ್ರೆ ನಿಮ್ಮ ಯೂನಿವರ್ಸಿಟಿಗೆ ಯಾರೂ ಬರಲ್ಲ, ನಮ್ಮ ಮನೆ ಬಾಗ್ಲಿಗೆ ಬರ್ತಾರೆ.

ಈಗ ಎಂತ ಕೊಡ್ಬೇಕು ಅಂತ ಕೇಳಿದ್ರಲ್ಲ. ನನ್ನ ಮಟ್ಟಿಗೆ ಎಂತ ಅನ್ನೋದಕ್ಕಿಂತ ಯಾವಾಗ ಅನ್ನೋದೇ ಮುಖ್ಯ ಮಾರಾಯ್ರೆ. ನಟ್ಟಿ ಟೈಮಲ್ಲಿ ಮುಯ್ಯಾಳಿಗೆ ಹೋಗಲ್ವ ನಾವು, ಅವ್ರು ನಮ್ಮ ಗದ್ದೆಗೆ ಬಂದ್ರೆ ಅವ್ರ ಗದ್ದೆ ಹದ ಆದ ದಿನ ನಾವು ಹೋಗ್ಲೇಬೇಕು, ಮಳೆ ಇರ್ಲಿ ಜ್ವರ ಇರ್ಲಿ. ನಂಗೆ ಪುರ್ಸೊತ್ತಾದಾಗ ದೀಪಾವಳಿ ಕಳೆದ್ಮೇಲೆ ಬರ್ತೀನಿ ಅಂದ್ರೆ ಅದು ಮುಯ್ಯಿ ಆಗಲ್ಲ. ನಿಮ್ಮ ಥೀಸಿಸ್ ಕಾಪಿ ಅಂದ್ರೆ ನಕ್ಕಿದ್ದು ಅದಕ್ಕೇ ಇರ್ಬೇಕು.

ಒಂದು ಉದಾಹರಣೆ ಹೇಳ್ತೀನಿ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಗೊತ್ತಲ್ಲ, ತಲಕಳಲೆ ಮತ್ತೆ ಗೇರುಸೊಪ್ಪೆ ಜಲಾಶಯದ ನಡುವೆ 2000 ಮೆಗಾವಾಟಿನದ್ದು. ಇಂಥ ಯೋಜನೆಗಳಿಗೆ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಮಾಡ್ಬೇಕು, ಜನಕ್ಕೆ ಕಡೇಪಕ್ಷ 30 ದಿನ ಮುಂಚೆ ನೋಟಿಸ್ ಕೊಡ್ಬೇಕು. ಕನ್ನಡದಲ್ಲಿ ಕೊಡ್ಲೇಬೇಕು ಅಂತ ಇರೋದು ಸಾರಾಂಶ ಮಾತ್ರ, ಪೂರ್ತಿ ರಿಪೋರ್ಟು ನೂರಾರು ಪುಟ ಇಂಗ್ಲಿಷಲ್ಲಿ. ಆ ಒಂದು ತಿಂಗಳಲ್ಲಿ ಯಾರಾದ್ರೂ ಕೂತು ಕಾಡು ಎಷ್ಟು ಹೋಗುತ್ತೆ, ಸುರಂಗದ ಮಣ್ಣು ಎಲ್ಲಿ ಸುರೀತಾರೆ, ಯಾವ ಊರಿನ ರಸ್ತೆ ಅಗಲ ಮಾಡ್ತಾರೆ ಅನ್ನೋ ನಾಲ್ಕು ಅಧ್ಯಾಯ ಓದಿ ಕನ್ನಡದಲ್ಲಿ ನಾಲ್ಕು ಪುಟ ಮಾಡಿಕೊಟ್ರೆ, ಸಭೇಲಿ ಎದ್ದು ನಿಲ್ಲೋರಿಗೆ ಆನೆ ಬಲ. ಸಭೆ ಮುಗಿದು ಎರಡು ವರ್ಷ ಆದ್ಮೇಲೆ ಎಷ್ಟೇ ಚಂದದ ಪುಸ್ತಕ ಬಂದ್ರೂ ನಾವು ಕಪಾಟಲ್ಲಿ ಇಡ್ತೀವಿ ಅಷ್ಟೆ.

ಕಪಾಟು ಅಂದಾಗ ನೆನಪಾಯ್ತು, ಕಚೇರಿ ಕೆಲ್ಸ ಅಂದ್ರೆ ಎಂತದ್ದು ಅಂತ ಅಂದ್ಕೊಂಡಿದೀರೋ ಗೊತ್ತಿಲ್ಲ. ನಮ್ಮ ಕಪಾಟಲ್ಲಿ ಒಂದೊಂದು ಮನೆದು ಒಂದೊಂದು ಪ್ಲಾಸ್ಟಿಕ್ ಕವರು. ಒಳಗೆ ರೇಷನ್ ಕಾರ್ಡು ಜೆರಾಕ್ಸು, ಅಜ್ಜನ ಕಾಲದ ಕಂದಾಯ ರಸೀದಿ, ಮುಳುಗಡೆ ಟೈಮಲ್ಲಿ ಕೊಟ್ಟ ಯಾವ್ದೋ ಚೀಟಿ, ಫಾರೆಸ್ಟಿನವರ 64ಎ (ಒತ್ತುವರಿ ತೆರವಿನ) ನೋಟಿಸು, ಸಾಗುವಳಿ ಸಕ್ರಮದ ಅರ್ಜಿ ನಮೂನೆ 50, 53, 57 ಯಾವ್ಯಾವಾಗ ಹಾಕಿದ್ರೋ ಅದರ ಸ್ವೀಕೃತಿ, ಎಲ್ಲ ಒಟ್ಟಿಗೆ ಮಡಚಿ ಇಟ್ಟಿರೋದು. ಜೆರಾಕ್ಸ್ ಮಾಡಿದ್ದು ಪ್ಲಾಸ್ಟಿಕ್ಕಿಗೆ ಅಂಟಿ ಅಕ್ಷರ ಎದ್ದು ಬಂದಿರುತ್ತೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಪುಟ ಬಿಡಿಸೋಕೆ ಹೋದ್ರೆ ಹರಿದು ಹೋಗುತ್ತೆ. ಒಂದು ಕೇಸಿಗೆ ಒಂದು ಕಾಗದ ಬೇಕು ಅಂದ್ರೆ ಇಡೀ ದಿನ ಹುಡುಕ್ಬೇಕು. ಇದನ್ನ ಸ್ಕ್ಯಾನ್ ಮಾಡಿ, ಯಾವ ಮನೆದು ಯಾವ ಕಾಗದ ಎಷ್ಟನೇ ಇಸವಿದು ಅಂತ ಎಕ್ಸೆಲ್ಲಲ್ಲಿ ಒಂದು ಪಟ್ಟಿ ಮಾಡಿ ನಮ್ಮ ಹುಡುಗ್ರಿಗೂ ಅದನ್ನ ಮುಂದುವರ್ಸೋದು ಹೇಳ್ಕೊಟ್ರೆ ಸಾಕು. ನಿಮ್ಗೂ ಅದೇ ಡೇಟಾ ತಾನೆ? ಬಯಾಸ್ ಎಲ್ಲಿಂದ ಬಂತು ಇದ್ರಲ್ಲಿ.

ಇನ್ನೊಂದು, ನಟ್ಟಿ ಟೈಮು ಮತ್ತೆ ಅಡಿಕೆ ಕೊನೆ ಕೊಯ್ಲು ಟೈಮಲ್ಲಿ ಇಂಟರ್‌ವ್ಯೂ ಅಂತ ಬರ್ಬೇಡಿ. ಬಂದ್ರೂ ಅಡಿಕೆ ಸುಲಿತಾ ಕೂತು ಮಾತಾಡ್ಸಿ, ಆಗ ಬೇಕಾದಷ್ಟು ಹೇಳ್ತಾರೆ.

ಮೇಷ್ಟ್ರು_ಶಿವಮೊಗ್ಗ

ಕಾಡಂಚಿನವರು ಹೇಳಿದ್ದು ನೂರಕ್ಕೆ ನೂರು. ನಾನು ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತೀನಿ, ಹಿಂದೆ ಇದೇ ಥರದ ಕೆಲ್ಸ ಮಾಡಿದೀನಿ. ನಿಮ್ಮ ಗೈಡ್ ಮಾತಿನ ಬಗ್ಗೆ ಎರಡು ಮಾತು.

ಬಯಾಸ್ ಅನ್ನೋ ಹೆದರಿಕೆ ಅರ್ಧ ಸರಿ. ಯಾರ ಅರ್ಜಿ ನೀವೇ ಕೂತು ಬರೆದಿದೀರೋ ಆ ಅರ್ಜಿ ಯಾಕೆ ಪಾಸಾಯ್ತು ಯಾಕೆ ಬಿತ್ತು ಅಂತ ನೀವೇ ವಿಶ್ಲೇಷಣೆ ಮಾಡೋದು ಕಷ್ಟನೇ, ಅಲ್ಲಿ ನೀವೂ ಒಂದು ಪಾತ್ರ ಆಗ್ಬಿಡ್ತೀರಿ. ಅದಕ್ಕೆ ಸುಲಭದ ದಾರಿ ಇದೆ: ನಿಮ್ಮ ಸ್ಯಾಂಪಲ್ಲಿನ ಊರು ಒಂದು, ನೀವು ಕೈ ಜೋಡಿಸೋ ಊರು ಇನ್ನೊಂದು ಅಂತ ಮಾಡ್ಕೊಳ್ಳಿ. ಅಥವಾ ಸ್ಕ್ಯಾನಿಂಗ್, ಅನುವಾದ, ಆರ್‌ಟಿಐ ಅರ್ಜಿ ಡ್ರಾಫ್ಟ್ ಮಾಡೋದು, ಇಂಥದ್ದು ತಗೊಳ್ಳಿ. ಆರ್‌ಟಿಐ ಹಾಕೋಕೆ ಫೀಸು 10 ರೂಪಾಯಿ, ಆದ್ರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ ಅಂತ ಇದೆ, ನಮ್ಮ ಜನ ಊರಿನ ಇತಿಹಾಸ ಎಲ್ಲ ಸೇರ್ಸಿ ನಾಲ್ಕು ಪುಟ ಬರೆದು ಅದೇ ಕಾರಣಕ್ಕೆ ವಾಪಸ್ ಬಂದಿದ್ದು ನೋಡಿದೀನಿ. ಚುಟುಕಾಗಿ ಕೇಳೋದು ಒಂದು ವಿದ್ಯೆ, ಅದು ನಿಮ್ಗೆ ಬರುತ್ತೆ, ಕಲಿಸಿ ಬನ್ನಿ.

ಮಾಡಿದ್ದನ್ನೆಲ್ಲ ವಿಧಾನದ ಅಧ್ಯಾಯದಲ್ಲಿ ಬಿಚ್ಚಿ ಬರೀರಿ. ಸಂಘದವರು ಪರಿಚಯ ಮಾಡ್ಸಿದ ಮನೆ ಇವು, ಸಂಘ ಇಲ್ದೆ ನಾನೇ ಹೋದ ಮನೆ ಇವು, ಸಂಘಕ್ಕೆ ನಾನು ಮಾಡಿಕೊಟ್ಟ ಕೆಲ್ಸ ಇದು ಅಂತ. ವೈವಾದಲ್ಲಿ ಸಿಕ್ಕಿಹಾಕ್ಕೊಳ್ಳೋದು ಮುಚ್ಚಿಟ್ಟೋರು. ಬೈಕಲ್ಲಿ ಕೂರಿಸ್ಕೊಂಡು ಹೋಗಿದ್ದೇ ಒಂದು ಬಯಾಸ್ ಅಲ್ವ ಹಾಗೆ ನೋಡಿದ್ರೆ, ಅದರ ಬಗ್ಗೆ ನಿಮ್ಮ ಗೈಡ್ ಏನೂ ಹೇಳಿಲ್ಲ ನೋಡಿ!

ಮುಂಚೆ ತೋರ್ಸೋ ವಿಷಯ. ತೋರ್ಸಿ, ಖಂಡಿತ ತೋರ್ಸಿ, ಆದ್ರೆ ತೋರ್ಸೋದು ಬೇರೆ ಒಪ್ಪಿಗೆ ಪಡೆಯೋದು ಬೇರೆ, ಇದು ಈಗಲೇ ಮಾತಾಡಿ ಒಂದು ಪುಟದಲ್ಲಿ ಬರ್ಕೊಂಡು ಇಬ್ರೂ ಸೈನ್ ಮಾಡಿ. ಹೆಸರು, ಜಾಗ, ಯಾರಿಗಾದ್ರೂ ಅಪಾಯ ಆಗೋ ವಿಷಯ ತೆಗೀರಿ ಅಂದ್ರೆ ತೆಗೀಬೇಕು. ಸಂಗತಿ ತಪ್ಪಿದೆ ಅಂದ್ರೆ ತಿದ್ದಬೇಕು. ಸಂಘದ ಬಗ್ಗೆ ನಿಮ್ಮ ಅಭಿಪ್ರಾಯ ಅವ್ರಿಗೆ ಹಿಡಿಸ್ಲಿಲ್ಲ ಅಂದ್ರೆ? ಅವ್ರ ಭಿನ್ನಾಭಿಪ್ರಾಯನೂ ಅಡಿಟಿಪ್ಪಣಿಯಲ್ಲಿ ಹಾಕ್ತೀನಿ, ನನ್ನ ಮಾತು ತೆಗೆಯಲ್ಲ ಅಂತ ಹೇಳ್ಬಿಡಿ. ಇದು ಮೊದ್ಲೇ ಹೇಳ್ದೆ ಕೊನೆಗೆ ಹೇಳಿದ್ರೆ ಜಗಳ ಗ್ಯಾರಂಟಿ.

ಹೊರಗಿನ ಒಂದು ಉದಾಹರಣೆ ಬೇಕಿದ್ರೆ ಆಫ್ರಿಕಾದ ದಕ್ಷಿಣ ಭಾಗದ ಸಾನ್ ಜನಾಂಗದವರದ್ದು ನೋಡಿ. ಅವ್ರಲ್ಲಿ ನಾಲ್ಕು ಜನರ ಜೀನೋಮ್ ಬಗ್ಗೆ 2010ರಲ್ಲಿ ದೊಡ್ಡ ಪ್ರಬಂಧ ಬಂತು, ಸಮುದಾಯದ ಮುಖಂಡರನ್ನ ಕೇಳ್ದೆ ಮಾಡಿದೀರಿ, ಬಳಸಿದ ಮಾತೂ ಅವಮಾನದ್ದು ಅಂತ ಗಲಾಟೆ ಆಯ್ತು. ಕೊನೆಗೆ 2017ರಲ್ಲಿ ಅವ್ರೇ ಕೂತು ಸಂಶೋಧಕರು ಹೇಗೆ ನಡ್ಕೋಬೇಕು ಅಂತ ಒಂದು ಸಂಹಿತೆ ಮಾಡಿದ್ರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ, ಐದೇ ತಲೆಬರಹ, ಚಿಕ್ಕದು, ಯಾರು ಬೇಕಾದ್ರೂ ಓದಿ ಅರ್ಥ ಮಾಡ್ಕೋಬಹುದು. ಕೊಟ್ಟ ಮಾತು ಮುರಿದ ಸಂಸ್ಥೆಗಳನ್ನ ಮುಂದೆ ಸೇರ್ಸಲ್ಲ ಅನ್ನೋದೂ ಅದ್ರಲ್ಲಿದೆ. ನಮ್ಮ ಸಂಘಗಳು ಇಂಥದ್ದೊಂದು ಮಾಡ್ಕೊಂಡು ಬಾಗಿಲಿಗೆ ಅಂಟಿಸ್ಬೇಕು ಅನ್ಸುತ್ತೆ.

ಸಾಗರ ತಾಲೂಕಿನ ಕಾಗೋಡು ನೋಡಿ, 1951ರ ಗೇಣಿದಾರರ ಸತ್ಯಾಗ್ರಹ, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು, ಅದರ ಬಗ್ಗೆ ಬರೆದಿದ್ದಕ್ಕೆ ಕೊರತೆ ಇಲ್ಲ. ಅದ್ರಲ್ಲಿ ಕಾಗೋಡಿನ ಎಷ್ಟು ಮನೇಲಿ ಎಷ್ಟು ಇದೆ ಅಂತ ಒಂದ್ಸಲ ಹೋಗಿ ಕೇಳಿ ನೋಡಿ.

ಕರಿಕೋಟು_ಸಾಗರ

ನಾನು ವಕೀಲ. ರೆಕಾರ್ಡಿಂಗ್ ಕಾಪಿ ಕೊಡೋ ವಿಷಯಕ್ಕೆ ಯಾರೂ ಬರ್ಲಿಲ್ಲ, ನಂಗೆ ಅದೇ ಮೇನ್ ಅನ್ಸೋದು.

ಮೊದ್ಲು ಒಳ್ಳೆ ಸುದ್ದಿ. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮದಲ್ಲಿ ಸಾಕ್ಷ್ಯ ಯಾವ್ಯಾವ್ದು ಅಂತ ಇದೆ. ಸರ್ಕಾರಿ ದಾಖಲೆ, ಗೆಜೆಟಿಯರ್, ಸೆನ್ಸಸ್, ನಕ್ಷೆ, ಉಪಗ್ರಹ ಚಿತ್ರ, ಕೋರ್ಟ್ ಆದೇಶ, ಮನೆ ಬಾವಿ ಸ್ಮಶಾನ ದೇವರ ಜಾಗ ಇಂಥ ಕಣ್ಣಿಗೆ ಕಾಣೋ ಗುರುತು, ವಂಶಾವಳಿ, ಅರ್ಜಿದಾರರನ್ನ ಬಿಟ್ಟು ಬೇರೆ ಹಿರಿಯರ ಲಿಖಿತ ಹೇಳಿಕೆ. ಅದೇ ಪಟ್ಟೀಲಿ ಹೆಸರಾಂತ ಸಂಸ್ಥೆಗಳು ಮಾಡಿದ ಸಂಶೋಧನೆ, ರೂಢಿ ಸಂಪ್ರದಾಯದ ದಾಖಲಾತಿನೂ ಇದೆ. ಒಬ್ಬ ವಿದ್ಯಾರ್ಥಿ ಥೀಸಿಸ್ ಅದಕ್ಕೆ ಸಾಕಾ ಅಂದ್ರೆ ವಾದ ಮಾಡ್ಬೇಕಾಗುತ್ತೆ, ಆದ್ರೆ ನೀವು ಹಿರಿಯರನ್ನ ಮಾತಾಡ್ಸಿದ್ದು ಕ್ರಮವಾಗಿ ಬರೆದು, ಅವ್ರಿಗೇ ಓದಿ ಹೇಳಿ, ಅವ್ರ ಸಹಿ ಹೆಬ್ಬೆಟ್ಟು ಇದ್ರೆ ಹಿರಿಯರ ಹೇಳಿಕೆ ಅಂತ ಅವ್ರ ಅರ್ಜಿಗೆ ನೇರ ಲಗತ್ತಿಸ್ಬಹುದು. ಕೊಡೋದಾದ್ರೆ ಇಂಥದ್ದು ಕೊಡಿ, ಉಪಯೋಗಕ್ಕೆ ಬರುತ್ತೆ.

ಈಗ ಕೆಟ್ಟ ಸುದ್ದಿ. ಅದೇ ರೆಕಾರ್ಡಿಂಗು ಮುಳ್ಳೂ ಆಗುತ್ತೆ. ಪರಿಶಿಷ್ಟ ಪಂಗಡದವರಿಗೆ 13-12-2005ಕ್ಕೆ ಮುಂಚೆಯಿಂದ ಜಾಗ ಅವ್ರ ಅನುಭವದಲ್ಲಿ ಇದ್ರೆ ಸಾಕು, ಬೇರೆಯವ್ರಿಗೆ ಆ ತಾರೀಖಿಂದ ಹಿಂದಕ್ಕೆ ಮೂರು ತಲೆಮಾರು, ಅಂದ್ರೆ 75 ವರ್ಷದ ವಾಸ ತೋರ್ಸ್ಬೇಕು. ಮುಳುಗಡೆಯವರು ಮಾತಾಡೋವಾಗ "ಡ್ಯಾಮ್ ಆದ್ಮೇಲೆ ಇಲ್ಲಿಗೆ ಬಂದ್ವಿ, ಆವಾಗ ಬರೀ ಕಾಡು, ನಾವೇ ಕಡಿದು ಗದ್ದೆ ಮಾಡಿದ್ದು" ಅಂತ ಹೆಮ್ಮೆಯಿಂದ ಹೇಳ್ತಾರೆ. ಡ್ಯಾಮ್ ಮುಗಿದಿದ್ದು 1964ರಲ್ಲಿ. ಈ ಒಂದು ವಾಕ್ಯ, ಸರ್ವೆ ನಂಬರ್ ಸಮೇತ, ತಪ್ಪು ಕೈಗೆ ಸಿಕ್ರೆ ಅರ್ಜಿ ಕಥೆ ಏನು? ಇನ್ನು ಒತ್ತುವರಿ ಸಕ್ರಮದ ಮಾತು ಬಂದಾಗೆಲ್ಲ 27-4-1978 ಅನ್ನೋ ಇನ್ನೊಂದು ತಾರೀಖು ಬರುತ್ತೆ, ಅದಕ್ಕೆ ಮುಂಚಿನ ಒತ್ತುವರಿನ ಮಾತ್ರ ಲೆಕ್ಕಕ್ಕೆ ತಗೊಳ್ಳೋದು. ಯಾರೋ "ಮಗ ಬೇರೆ ಆದಾಗ 85ರಲ್ಲಿ ಆ ಕಡೆ ಸ್ವಲ್ಪ ಹೆಚ್ಚು ಮಾಡ್ಕೊಂಡ್ವಿ" ಅಂತ ನಿಮ್ಮ ಮೊಬೈಲಲ್ಲಿ ಹೇಳಿದ್ರೆ ಅದು ತಪ್ಪೊಪ್ಪಿಗೆ ಥರ ಕೂತಿರುತ್ತೆ. ವಕೀಲ ಕಕ್ಷಿದಾರರ ನಡುವಿನ ಮಾತಿಗೆ ಕಾನೂನಲ್ಲಿ ರಕ್ಷಣೆ ಇದೆ, ಸಂಶೋಧಕರಿಗೆ ಹೇಳಿದ ಮಾತಿಗೆ ಅಂಥ ರಕ್ಷಣೆ ಇಲ್ಲ.

ಪಿಎಚ್‌ಡಿ ಥೀಸಿಸ್ ಶೋಧಗಂಗಾ ಅನ್ನೋ ಆನ್‌ಲೈನ್ ಭಂಡಾರಕ್ಕೆ ಹೋಗುತ್ತೆ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಬಹುದು, ರೇಂಜ್ ಫಾರೆಸ್ಟ್ ಆಫೀಸರೂ ಮಾಡ್ಬಹುದು. ಭೂಕಬಳಿಕೆ ಅಂತ ಕೇಸಾಗಿ ಬೆಂಗಳೂರಿನ ವಿಶೇಷ ಕೋರ್ಟಿಗೆ ರಾತ್ರಿ ಬಸ್ ಹತ್ತಿದ ಮಲೆನಾಡಿನ ಸಣ್ಣ ಹಿಡುವಳಿದಾರರನ್ನ ನೀವೂ ನೋಡಿರ್ತೀರಿ. ಹಾಗಾಗಿ ಜಿಪಿಎಸ್ ಪಾಯಿಂಟ್ ಹಾಕ್ಬೇಡಿ, ಊರಿನ ಹೆಸ್ರು ಬದ್ಲಾಯ್ಸಿ, ಎಕರೆ ಗುಂಟೆ ಲೆಕ್ಕನ ಮನೆವಾರು ಕೊಡ್ಬೇಡಿ, ಒಟ್ಟು ಮಾಡಿ ಕೊಡಿ. ಸಂಘಕ್ಕೆ ರೆಕಾರ್ಡಿಂಗ್ ಕೊಡೋದು ಅಂದ್ರೆ ಎಲ್ರದ್ದೂ ಸಾರಾಸಗಟಾಗಿ ಪೆನ್‌ಡ್ರೈವಿಗೆ ಹಾಕಿ ಕೊಡೋದಲ್ಲ. ಮಾತಾಡಿದೋರನ್ನೇ ಕೇಳಿ, ನಿಮ್ಮದು ನಿಮ್ಗೆ ಬೇಕಾ, ಸಂಘದಲ್ಲಿ ಇರ್ಲಾ, ಅಳಿಸ್ಲಾ ಅಂತ.

ಒಂದು ಸಣ್ಣ ಟಿಪ್. ಮುಳುಗಡೆಯವ್ರನ್ನ ಮಾತಾಡ್ಸೋವಾಗ ಇಲ್ಲಿಗೆ ಯಾವಾಗ ಬಂದ್ರಿ ಅಂತ ಶುರು ಮಾಡ್ಬೇಡಿ, ಮುಳುಗಿದ ಊರಲ್ಲಿ ಹೇಗಿದ್ರಿ ಅಂತ ಶುರು ಮಾಡಿ. ಅಲ್ಲಿ ಅವ್ರ ಅಜ್ಜ ಮುತ್ತಜ್ಜ ಕಾಡಿನ ಸೊಪ್ಪು ದರಗು ಸೌದೆ ಜೇನು ನಂಬ್ಕೊಂಡೇ ಇದ್ದಿದ್ದು. 75 ವರ್ಷ ಅನ್ನೋದು ಇದೇ ತುಂಡು ಜಮೀನಿನ ಲೆಕ್ಕ ಅಂತ ಓದ್ಬೇಕಾಗಿಲ್ಲ, ಕಾಡಲ್ಲಿ ಅಥವಾ ಕಾಡನ್ನ ಅವಲಂಬಿಸಿ ಬದುಕಿದ್ದಕ್ಕೆ ಅಂತ ವಾದಿಸೋಕೆ ಜಾಗ ಇದೆ. ಆ ಹಳೇ ಊರಿನ ನೆನಪು ಹೇಳೋರು ಈಗ ಎಂಬತ್ತು ದಾಟಿದಾರೆ. ನಿಮ್ಮ ಥೀಸಿಸ್ಸಿಗೆ ಬೇಕೋ ಬೇಡ್ವೋ, ಅದು ಬೇಗ ಮಾಡಿ.

ಮಳೆಗಾಲ_ಮುಗೀಲಿ

ಎಲ್ಲ ಸರಿ, ಆದ್ರೆ ಪಿಎಚ್‌ಡಿ ಹುಡುಗ್ರ ಫೆಲೋಶಿಪ್ಪೇ ನೆಟ್ಟಗೆ ಬರಲ್ಲ, ಅವ್ರು ಎಷ್ಟು ಅಂತ ಕೊಡ್ತಾರೆ? ಅನುವಾದ, ಸ್ಕ್ಯಾನು, ಆರ್‌ಟಿಐ, ಸಭೆ... ಇಷ್ಟೂ ಮಾಡಿದ್ರೆ ಥೀಸಿಸ್ ಯಾವಾಗ ಬರೆಯೋದು. ನಾನಾದ್ರೆ ಒಂದೇ ಒಂದು ಕೆಲ್ಸ ಒಪ್ಕೊಂಡು ಅದನ್ನ ಪೂರ್ತಿ ಮುಗಿಸಿ ಕೊಡ್ತೀನಿ, ಉಳಿದಿದ್ದು ಆಗಲ್ಲ ಅಂತ ಮುಖದ ಮೇಲೆ ಹೇಳ್ತೀನಿ. ಮತ್ತೆ ಪೆಟ್ರೋಲ್ ದುಡ್ಡು ಕೊಟ್ಬಿಡಿ ಮಾರಾಯ್ರೆ, ಅದಕ್ಕೆ ಯಾವ ಎಥಿಕ್ಸ್ ಕಮಿಟಿನೂ ಬೇಡ ಅನ್ನಲ್ಲ.

ಹಿನ್ನೀರು_ಹುಡುಗಿ

ಅಬ್ಬ, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಎಲ್ರಿಗೂ ಥ್ಯಾಂಕ್ಸ್. ವಕೀಲ್ರೆ, ನೀವು ಹೇಳಿದ 85ರ ಥರದ ಮಾತು ನನ್ನ ರೆಕಾರ್ಡಿಂಗಲ್ಲಿ ಇದೆ, ಓದ್ತಾ ಓದ್ತಾ ಎದೆ ಧಸಕ್ ಅಂತು. ಸದ್ಯ ಎಲ್ಲ ಪಾಸ್‌ವರ್ಡ್ ಹಾಕಿ ಇಟ್ಟಿದೀನಿ, ಸಂಘಕ್ಕೆ ಇನ್ನೂ ಏನೂ ಕೊಟ್ಟಿಲ್ಲ.

ಕಪಾಟಿನ ಕೆಲ್ಸನೇ ತಗೋತೀನಿ ಅನ್ಸುತ್ತೆ, ಇಲ್ಲೂ ಅದೇ ಪ್ಲಾಸ್ಟಿಕ್ ಕವರ್ ಕಥೆ. ಆದ್ರೆ ಒಂದು ಡೌಟು. ಸಂಘಕ್ಕೆ ಮಾಡಿಕೊಟ್ರೆ ಊರಿಗೆ ಮಾಡಿಕೊಟ್ಟ ಹಾಗೆ ಆಯ್ತಾ? ಕೆಲವು ಮನೆಯವರು ಸಂಘಕ್ಕೆ ಸೇರಿಲ್ಲ, ಕೆಲವ್ರಿಗೆ ಅವ್ರನ್ನ ಕಂಡ್ರೆ ಆಗಲ್ಲ, ಆದ್ರೆ ನಂಗೆ ಇಂಟರ್‌ವ್ಯೂ ಕೊಟ್ಟಿದಾರೆ. ಅವ್ರ ಋಣ?

ತೀರ್ಥಹಳ್ಳಿ_ಕಡೆಯವಳು

ಇದನ್ನ ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಾ ಇದ್ದೆ.

ನಮ್ಮೂರಲ್ಲೂ ಒಂದು ಸಮಿತಿ ಇದೆ, ಒಳ್ಳೆ ಕೆಲ್ಸ ಮಾಡಿದಾರೆ, ಇಲ್ಲ ಅನ್ನಲ್ಲ. ಆದ್ರೆ ಸಮಿತಿ ಅಂದ್ರೆ ಊರು ಅಂತ ಹೊರಗಿಂದ ಬಂದೋರು ಅಂದ್ಕೊಂಡು ಹೋಗ್ತಾರೆ. ಎರಡೆಕರೆ ಮೂರೆಕರೆ ತೋಟ ಇರೋರು ಮುಂದೆ ಕೂತು ಮಾತಾಡ್ತಾರೆ, ಬರೀ ಮನೆ ಅಡಿ ಜಾಗಕ್ಕೆ 94ಸಿ ಸಕ್ರಮದ ಅರ್ಜಿ ಹಾಕಿ ಕಾಯ್ತಾ ಇರೋ ಕೂಲಿಯವರು ಹಿಂದೆ ಗೋಡೆಗೆ ಒರಗಿ ನಿಂತಿರ್ತಾರೆ, ಹೆಂಗಸ್ರು ಒಳಗೆ ಕಾಫಿ ಲೋಟ ತೊಳೀತಾ ಇರ್ತಾರೆ. ನಿಮ್ಮ ರೆಕಾರ್ಡಿಂಗಲ್ಲಿ ಗಂಡಸ್ರದ್ದು ಎಷ್ಟು ಹೆಂಗಸ್ರದ್ದು ಎಷ್ಟು ಅಂತ ಒಮ್ಮೆ ಎಣಿಸಿ ಅಕ್ಕ, ಸುಮ್ನೆ.

ಕಾಯ್ದೆನೇ ಹೇಳುತ್ತೆ, ಮದುವೆ ಆಗಿದ್ರೆ ಹಕ್ಕುಪತ್ರ ಗಂಡ ಹೆಂಡ್ತಿ ಇಬ್ರ ಹೆಸ್ರಲ್ಲೂ ಆಗ್ಬೇಕು. ಗ್ರಾಮಸಭೆ ಕೋರಂ ಅಂದ್ರೆ ಸದಸ್ಯರಲ್ಲಿ ಅರ್ಧ ಜನ ಇರ್ಬೇಕು, ಬಂದವ್ರಲ್ಲಿ ಕಡೇಪಕ್ಷ ಮೂರನೇ ಒಂದು ಭಾಗ ಹೆಂಗಸ್ರು ಇರ್ಬೇಕು. ನಮ್ಮಲ್ಲಿ ಪುಸ್ತಕ ಮನೆಮನೆಗೆ ತಂದು ಸೈನ್ ಹಾಕಿಸ್ಕೊಂಡು ಹೋಗಿದಾರೆ, ಯಾವ ಸಭೆ ಅಂತ ನಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ನೀವು ಸಂಘದ ಜೊತೆ ಗೆಳೆತನ ಮಾಡ್ಕೊಂಡು ಇಂಥದ್ದು ಬರೀದೆ ಬಿಟ್ರೆ ನೀವು ವಾಪಸ್ ಕೊಟ್ಟಿದ್ದು ಯಾರಿಗೆ?

ನಂಗೆ ಅನ್ಸೋದು, ಸಂಘಕ್ಕೆ ಮಾಡೋ ಕೆಲ್ಸ ಸಂಘಕ್ಕೆ. ಅದ್ರ ಜೊತೆ ನೀವು ತಿಳ್ಕೊಂಡಿದ್ದನ್ನ ಊರಿಗೇ ಹೇಳೋ ಒಂದು ದಾರಿನೂ ಇಟ್ಕೊಳ್ಳಿ. ಸ್ತ್ರೀಶಕ್ತಿ ಸಂಘದ ವಾರದ ಮೀಟಿಂಗ್ ಇರುತ್ತೆ, ಅಲ್ಲಿ ಅರ್ಧ ಗಂಟೆ ಕೇಳಿ ತಗೊಳ್ಳಿ. ತಿರಸ್ಕಾರದ ಪತ್ರ ಬಂದ್ರೆ ಅದ್ರಲ್ಲಿ ಕಾರಣ ಬರೆದಿರ್ಬೇಕು, ತಿಳಿದ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗ್ಬಹುದು ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಪತ್ರ ಬಂತು ಅಂದ್ರೆ ಮುಗೀತು ಅಂತ ದೇವರ ಫೋಟೋ ಹಿಂದೆ ಸಿಗಿಸಿ ಇಡ್ತಾರೆ. ಅಷ್ಟು ಹೇಳಿ ಬಂದ್ರೆ ಸಂಘದವರು ಅಲ್ಲದೋರಿಗೂ ಸಿಕ್ಕ ಹಾಗಾಯ್ತು.

ಮಂಗನ ಕಾಯಿಲೆ ಟೈಮಲ್ಲೂ ಹೀಗೇ, 2019ರಲ್ಲಿ ಅರಳಗೋಡು ಕಡೆ ಜೋರಾದಾಗ ನಮ್ಮ ನೆಂಟರ ಮನೆ ಕಡೆ ಫಾರ್ಮ್ ಹಿಡ್ಕೊಂಡು ಬಂದೋರು ಬೇಕಾದಷ್ಟು ಜನ, ಎಲ್ರಿಗೂ ಅದೇ ಪ್ರಶ್ನೆ, ಕಾಡಿಗೆ ಹೋಗ್ತೀರಾ ದರಗು ತರ್ತೀರಾ ಉಣ್ಣೆ ಕಚ್ಚಿತ್ತಾ. ಬರ್ಕೊಂಡು ಹೋದೋರಲ್ಲಿ ತಿರುಗಿ ಬಂದು ಹೀಗೆ ಗೊತ್ತಾಯ್ತು ಅಂತ ಹೇಳಿದೋರು ಯಾರು ಅಂದ್ರೆ ಅತ್ತೆ ಆಶಾ ಕಾರ್ಯಕರ್ತೆ ಹೆಸ್ರು ಮಾತ್ರ ಹೇಳ್ತಾರೆ.

ಕಾಡಂಚಿನವ

ತೀರ್ಥಹಳ್ಳಿಯವರೆ, ಚುಚ್ಚಿದ್ರಿ, ಚುಚ್ಚಿದ್ದು ಸರಿ ಜಾಗಕ್ಕೇ ಆಯ್ತು. ಆದ್ರೂ ಒಂದು ಮಾತು. ನಮ್ಮಲ್ಲಿ ಹೆಂಗಸ್ರು ಕಮ್ಮಿ, ಕೂಲಿಯವರು ಕಮ್ಮಿ, ಒಪ್ಪಿದೆ. ಅದನ್ನ ಥೀಸಿಸ್ಸಲ್ಲಿ ಬರೆಯೋ ಮುಂಚೆ ನಮ್ಮ ಮೀಟಿಂಗಲ್ಲಿ ನಮ್ಮೆದುರಿಗೇ ಹೇಳ್ಲಿ. ಎದುರಿಗೆ ಹೇಳಿದ್ರೆ ಜಗಳ ಆಗುತ್ತೆ, ಆಗ್ಲಿ, ಎರಡು ದಿನ ಮುಖ ತಿರುಗ್ಸ್ಕೊಂಡು ಓಡಾಡ್ತೀವಿ, ಆಮೇಲೆ ಯಾರೋ ಒಬ್ರು ಅಂತೂ ಸರಿ ಮಾಡೋಣ ಅಂತಾರೆ. ಬಿಟ್ಟು ಪುಸ್ತಕದಲ್ಲಿ ಓದಿದ್ರೆ ಸರಿ ಮಾಡೋ ಕೆಲ್ಸಕ್ಕೆ ಯಾರೂ ಹೋಗಲ್ಲ. ನಮ್ಮನ್ನ ಆಗದೋರು ಅದೇ ಪುಟ ಜೆರಾಕ್ಸ್ ಮಾಡ್ಸಿ ತಾಲೂಕಾಫೀಸಲ್ಲಿ ಹಂಚ್ತಾರೆ. ಅದೂ ಆಗಿದೆ.

ಮೇಷ್ಟ್ರು ಹೇಳಿದ ಅಡಿಟಿಪ್ಪಣಿ ನಂಗೆ ಅಷ್ಟು ಸಮಾಧಾನ ಆಗ್ಲಿಲ್ಲ. ನಿಮ್ಮದು ಇಡೀ ಪುಟ, ನಮ್ಮದು ಕೆಳಗೆ ಇರುವೆ ಸಾಲು. ಮತ್ತೆ ತೋರ್ಸೋದು ಅಂದ್ರೆ ಇಂಗ್ಲಿಷ್ ಪಿಡಿಎಫ್ ವಾಟ್ಸಾಪಲ್ಲಿ ಕಳ್ಸಿ "ಎನಿ ಕಾಮೆಂಟ್ಸ್" ಅನ್ನೋದಲ್ಲ ಸ್ವಾಮಿ.

ಮೇಷ್ಟ್ರು_ಶಿವಮೊಗ್ಗ

ಇರುವೆ ಸಾಲು ಒಪ್ಕೊಂಡೆ 😄 ಅಡಿಟಿಪ್ಪಣಿ ಬೇಡ, ಅನುಬಂಧದಲ್ಲಿ ಎರಡು ಪುಟ ಅವ್ರದ್ದೇ ಮಾತಲ್ಲಿ, ನಾನು ಕೈ ಹಾಕ್ದೆ. ಆದ್ರೆ ನನ್ನ ಅಭಿಪ್ರಾಯ ತೆಗೆಸೋ ಹಕ್ಕು ಸಂಘಕ್ಕೆ ಇಲ್ಲ ಅನ್ನೋದ್ರಲ್ಲಿ ಬದಲಾವಣೆ ಇಲ್ಲ. ಇವತ್ತು ಒಳ್ಳೆ ಸಂಘಕ್ಕೆ ಆ ಹಕ್ಕು ಕೊಟ್ರೆ ನಾಳೆ ಕಂಪನಿ, ಇಲಾಖೆ ಎಲ್ರೂ ನಮ್ಗೂ ಕೊಡಿ ಅಂತಾರೆ, ಆಗ ಯಾವ ಬಾಯಲ್ಲಿ ಇಲ್ಲ ಅಂತೀರಿ? ನಿಮ್ಮ ಪರ ಬಂದ ಒಂದು ಅಧ್ಯಯನಕ್ಕೆ ಎಸಿ (ಉಪವಿಭಾಗಾಧಿಕಾರಿ) ಆಫೀಸಲ್ಲಿ ಬೆಲೆ ಬರೋದೂ ಅದನ್ನ ನೀವು ಬರೆಸಿದ್ದಲ್ಲ ಅನ್ನೋದಕ್ಕೇ.

ಕಾಡಂಚಿನವ

ಈ ಪಾಯಿಂಟ್ ಕೊಟ್ಟೆ. ಉಳಿದಿದ್ದು ಸಭೇಲಿ ನೋಡೋಣ.

ಹಿನ್ನೀರು_ಹುಡುಗಿ

ಎಣಿಸಿದೆ. ಹೆಂಗಸ್ರದ್ದು ಮೂರನೇ ಒಂದು ಭಾಗನೂ ಇಲ್ಲ, ನನ್ನ ರೆಕಾರ್ಡಿಂಗ್‌ಗೇ ಕೋರಂ ಇಲ್ಲ. ತೀರ್ಥಹಳ್ಳಿಯವರೆ, ಸ್ತ್ರೀಶಕ್ತಿ ಮೀಟಿಂಗ್ ಐಡಿಯಾ ತಗೊಂಡೆ, 60 ದಿನದ ವಿಷಯ ಒಂದು ಪುಟ ದೊಡ್ಡಕ್ಷರದಲ್ಲಿ ಬರೀತೀನಿ, ವಕೀಲ್ರು ಒಮ್ಮೆ ನೋಡಿ ಕೊಟ್ರೆ ಉಪಕಾರ. ಸಂಘದವರಿಗೆ ಒಪ್ಪಂದದ ಪುಟ ಈ ಭಾನುವಾರ ಓದಿ ಹೇಳ್ತೀನಿ, ಗೈಡ್‌ಗೂ ಅದೇ ಪುಟ ತೋರಿಸ್ತೀನಿ. ಹಳೇ ಕಾಗದ ಹರಿಯದ ಹಾಗೆ ಬಿಡಿಸೋದು ಹೇಗೆ ಅಂತ ಯಾರಿಗಾದ್ರೂ ಗೊತ್ತಾ? ಕವರ್ ಒಳಗೇ ಅಂಟಿರೋದು ತುಂಬ ಇದೆ.

ಕರಿಕೋಟು_ಸಾಗರ

ಪುಟ ಕಳ್ಸಿ, ನೋಡ್ತೀನಿ, ಫೀಸ್ ಇಲ್ಲ. ಅಂಟಿರೋದನ್ನ ಎಳೀಬೇಡಿ, ಕವರ್ ಮೇಲಿಂದಲೇ ಬೆಳಕಲ್ಲಿ ಒಂದು ಫೋಟೋ ಮೊದ್ಲು ತೆಗೆದಿಟ್ಕೊಳ್ಳಿ, ಆಮೇಲೆ ಅಂಚಿಂದ ಕವರನ್ನ ಕತ್ತರಿಸಿ. ಒರಿಜಿನಲ್ ಮಾತ್ರ ಯಾವ ಕಾರಣಕ್ಕೂ ಮನೆಗೆ ತಗೊಂಡು ಹೋಗ್ಬೇಡಿ, ಸಂಘದವರೇ ಕೊಟ್ರೂ ಬೇಡ ಅನ್ನಿ.